ಬವೇರಿಯದ ಬಿಯರುಗಳು

ಗೃಹಸ್ಥರ ಮನೆಗೆ ಬರುವ ಮಾಸಪತ್ರಿಕೆಯಲ್ಲಿ ಬಿಯರಿನ ಪ್ರಸ್ತಾಪವೇತಕ್ಕೆ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಮದ್ಯಪಾನವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಕುಡಿತದಿಂದ ಹಾಳಾದ ಸಂಸಾರಗಳು ನಮ್ಮಲ್ಲಿರುವಂತೆ ಬವೇರಿಯದಲ್ಲಿಯೂ ಉಂಟು. ಆದರೆ ಒಂದು ನಾಡಿನ ಜನರು ಐನೂರು ವರ್ಷಗಳಿಗೂ ಮಿಕ್ಕಿ ಅದೇ ಮೂರು ನಾಲ್ಕು ಸಾಮಗ್ರಿಗಳಿಂದ ಹತ್ತಾರು ಬಗೆಯ ರುಚಿಗಳನ್ನು ಹೇಗೆ ತೆಗೆದರೆಂಬುದು ಅಡಿಗೆಮನೆಯ ಮರ್ಮ ಬಲ್ಲ ಯಾರಿಗಾದರೂ ಕುತೂಹಲದ ವಿಷಯವೇ ಸರಿ.

ಕೆಲವು ವರ್ಷಗಳ ಹಿಂದೆ, ಜರ್ಮನಿಯ ದಕ್ಷಿಣಭಾಗವಾದ ಬವೇರಿಯದಲ್ಲಿ ಮೂರು ವಾರ ತಂಗುವ ಸಂದರ್ಭ ನನಗೊದಗಿತು. ಬಾಂಬೆರ್ಗ್ ನಗರಕ್ಕೆ ಸಮೀಪದ ಹಳ್ಳಿಯೊಂದರಲ್ಲಿ ನಾನು ಇಳಿದುಕೊಂಡ ಮನೆಯ ಯಜಮಾನರು ಬಿಯರು ತಯಾರಿಸುವ ಕಸಬಿನಲ್ಲಿ ನಾಲ್ವತ್ತು ವರ್ಷ ದುಡಿದು ವಿಶ್ರಾಂತಿ ಪಡೆದಿದ್ದ ವೃದ್ಧರು. ನಾನಾದರೋ ಊರಿನಿಂದ ಹೊರಡುವಾಗಲೇ ಒಂದು ಟಿಪ್ಪಣಿ ಪುಸ್ತಕಕ್ಕೆ ಗೆರೆ ಎಳೆದು ತಂದಿದ್ದೆ: ಬಣ್ಣ, ವಾಸನೆ, ಸಿಹಿ, ಕಹಿ, ಕೊನೆಯಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ. ಮೊದಲ ಸಂಜೆಯೇ ಐದು ಬಗೆಯ ಸೀಸೆಗಳನ್ನು ತಂದು ಮೇಜಿನ ಮೇಲೆ ಸಾಲಾಗಿಟ್ಟು, ಒಂದೊಂದರಿಂದ ಎರಡು ಬೆರಳಿನಷ್ಟು ಬಗ್ಗಿಸಿಕೊಂಡು ಪರೀಕ್ಷೆಗೆ ಕುಳಿತೆ. ಆ ಸೀಮೆಯದೆಂಬ ಗೌರವದಿಂದ ಹೊಗೆಯ ಬಿಯರನ್ನು ಮೊದಲು ಕುಡಿದೆ. ಸುಟ್ಟ ಕಂಬಳಿಯ ವಾಸನೆ! ಒಂದು ಅಂಕ. ಅದರ ಹಿಂದೆಯೇ ಹೊಂಬಣ್ಣದ ಹೆಲ್ಲೆಸ್ ಕುಡಿದರೆ ನೀರಿನಂತಿತ್ತು, ನಾಲ್ಕು. ಕಂದುಬಣ್ಣದ ಡುಂಕೆಲಿಗೆ ಆರು, ಗೋಧಿಯ ಬಿಯರಿಗೆ ಏಳು. ಕಡೆಯದಾದ ಡೊಪ್ಪೆಲ್‌ಬೊಕ್ ಬೆಲ್ಲದ ಪಾಕದಂತೆ ದಪ್ಪವಾಗಿ, ಬಿಸಿಯಾಗಿ ಗಂಟಲಿನಲ್ಲಿಳಿಯಿತು, ಒಂಬತ್ತು.

ಯಜಮಾನರು ಪುಸ್ತಕವನ್ನು ನೋಡಿ ನಕ್ಕರು. "ಐದು ಮಂದಿ ಗಾಯಕರನ್ನು ಒಟ್ಟಿಗೆ ಹಾಡಿಸಿ, ಗಂಟಲು ದೊಡ್ಡದಾಗಿರುವವನಿಗೆ ಬಹುಮಾನ ಕೊಟ್ಟಿದ್ದೀರಿ. ಇದನ್ನು ಎತ್ತಿಡಿ. ಒಂದೊಂದನ್ನೂ ಅದರ ಮನೆಯಲ್ಲಿ, ಅದರ ಹೊತ್ತಿನಲ್ಲಿ ನೋಡಿಬನ್ನಿ" ಎಂದರು.

ಆ ಮಾತಿನಂತೆ ನಡೆದುಕೊಂಡುದರ ಫಲವೇ ಈ ಲೇಖನ. ಮೊದಲು ಅವರ ಕಾಯಿದೆಯ ಸಂಗತಿಯನ್ನು ಹೇಳಬೇಕು. 1516ನೆಯ ಇಸವಿ ಏಪ್ರಿಲ್ 23ರಂದು ಇಂಗೊಲ್‌ಸ್ಟಾಟ್ ಪಟ್ಟಣದಲ್ಲಿ, ಬವೇರಿಯವನ್ನು ಆಳುತ್ತಿದ್ದ ನಾಲ್ಕನೆಯ ವಿಲ್ಹೆಲ್ಮ್ ಮತ್ತು ಹತ್ತನೆಯ ಲುಡ್ವಿಗ್ ಎಂಬ ಸೋದರರು ಒಂದು ಕಟ್ಟಳೆಯನ್ನು ಹೊರಡಿಸಿದರು. ಬಿಯರಿಗೆ ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲು, ನೀರು, ಈ ಮೂರನ್ನುಳಿದು ಬೇರೇನನ್ನೂ ಸೇರಿಸಕೂಡದು. ಸೇರಿಸಿದವನ ಪೀಪಾಯಿಗಳನ್ನು ಸರಕಾರ ವಶಪಡಿಸಿಕೊಳ್ಳತಕ್ಕದ್ದು. ಇದನ್ನೇ ಎಲ್ಲರೂ ಎತ್ತಿ ಹೇಳುವರು. ಆದರೆ ಆ ಕಟ್ಟಳೆಯ ಬಹುಭಾಗ ಬೆಲೆಯನ್ನು ಕುರಿತದ್ದು: ಚಳಿಗಾಲದಲ್ಲಿ ಒಂದು 'ಮಾಸ್' ಅಳತೆಗೆ ಒಂದು ಫೆನ್ನಿಗ್, ಬೇಸಗೆಯಲ್ಲಿ ಎರಡು, ಅದಕ್ಕೆ ಮಿಕ್ಕಿ ತೆಗೆದುಕೊಳ್ಳಕೂಡದು. ಗೋಧಿಯನ್ನು ಹೊರಗಿಟ್ಟುದು ಜನರ ರೊಟ್ಟಿಗೆ ಧಾನ್ಯ ಉಳಿಯಲೆಂದು ಸಾಮಾನ್ಯವಾಗಿ ಹೇಳುತ್ತಾರೆ. ಎಂದರೆ ಇದು ರಸಿಕರು ರುಚಿಗಾಗಿ ಮಾಡಿದ ಶಾಸನವಲ್ಲ. ಸಂಸಾರಸ್ಥರ ಹೊಟ್ಟೆಯನ್ನೂ ಜೇಬನ್ನೂ ನೋಡಿ ಮಾಡಿದ್ದು. 1906ರಲ್ಲಿ ಇಂಥ ನಿಯಮ ಜರ್ಮನಿಗೆಲ್ಲ ಅನ್ವಯಿಸಿತು. ಬೇರೆ ರೀತಿಯಲ್ಲಿ ಮಾಡಿದ ಪರದೇಶದ ಬಿಯರನ್ನು ಜರ್ಮನಿ ತಡೆಯಲಾಗದೆಂದು ಯೂರೋಪಿನ ನ್ಯಾಯಾಲಯ 1987ರಲ್ಲಿ ತೀರ್ಪಿತ್ತರೂ, ಬವೇರಿಯದವರು ತಮ್ಮ ಪಾಲಿಗೆ ಹಳೆಯ ಕಟ್ಟಳೆಯನ್ನೇ ಹಿಡಿದುಕೊಂಡಿದ್ದಾರೆ.

ಮೂರೇ ಸಾಮಗ್ರಿಯಾದರೆ ರುಚಿ ಬೇರೆಬೇರೆಯಾಗುವುದು ಹೇಗೆ? ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡಿ ಮಕ್ಕಳಿಗೆ ಕುಡಿಸುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾರ್ಲಿಯನ್ನೂ ಹಾಗೆಯೇ ಮೊಳೆಯಿಸಿ ಒಣಗಿಸುವರು. ಕಾವು ಕಡಮೆಯಾದರೆ ಕಾಳು ಬಿಳುಪಾಗಿಯೇ ಉಳಿದು ಬಿಯರು ಹೊಂಬಣ್ಣ ತಾಳುವುದು; ಕಾವು ಏರಿದರೆ ಕಾಳು ಕೆಂಪೇರಿ ರೊಟ್ಟಿಯ ಹೊರಪದರದ ಪರಿಮಳ ಬರುವುದು. ಅದನ್ನು ಒಡೆದು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿರಸಕ್ಕೆ ಹಾಪ್ಸ್ ಹಾಕಿ ಕುದಿಸುವರು; ಕಹಿಯೂ ಕೆಡದೆ ನಿಲ್ಲುವ ಗುಣವೂ ಅದರಿಂದ. ಆರಿದ ಮೇಲೆ ಹೆಪ್ಪು. 1516ರ ಕಟ್ಟಳೆಯಲ್ಲಿ ಈ ಹೆಪ್ಪಿನ ಹೆಸರೇ ಇಲ್ಲ. ಅದೊಂದು ಜೀವಾಣುವೆಂದು ಆಗ ಯಾರಿಗೂ ತಿಳಿದಿರಲಿಲ್ಲ. ನಿಜವಾದ ಭೇದವೆಲ್ಲ ಇದರಲ್ಲಿಯೇ ಅಡಗಿರುವುದು. ಒಂದು ಜಾತಿಯ ಹೆಪ್ಪು ಬೆಚ್ಚಗಿರುವಲ್ಲಿ ಬೇಗ ಉಕ್ಕಿ ಮೇಲೆ ತೇಲುವುದು. ಇನ್ನೊಂದು ಐದರಿಂದ ಹತ್ತು ಡಿಗ್ರಿಯ ತಣ್ಪಿನಲ್ಲಿ ನಿಧಾನವಾಗಿ ಕೆಲಸಮಾಡಿ ತಳಕ್ಕಿಳಿಯುವುದು. ಅಂಥ ಬಿಯರನ್ನು ವಾರಗಟ್ಟಲೆ ತಣ್ಣನೆಯ ನೆಲಮಾಳಿಗೆಯಲ್ಲಿ ಇಡಬೇಕು. ಲಾಗೆರ್ ಎಂಬ ಹೆಸರು ಹುಟ್ಟಿದುದೇ ಹೀಗೆ ಕೂಡಿಡುವುದರಿಂದ.

ಬೇಸಗೆಯಲ್ಲಿ ಈ ತಣ್ಪು ಎಲ್ಲಿ ಸಿಕ್ಕೀತು? ಆದುದರಿಂದ 1553ರಲ್ಲಿ, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರು ಕಾಯಿಸುವುದನ್ನೇ ನಿಷೇಧಿಸಿದರು. ಮಾರ್ಚ್ ತಿಂಗಳಿನಲ್ಲಿ ಕೊಂಚ ಗಟ್ಟಿಯಾಗಿ ಮಾಡಿದ ಬಿಯರು ಬೇಸಗೆಯನ್ನೆಲ್ಲ ದಾಟಿಸಬೇಕಾಗಿತ್ತು. ಮ್ಯೂನಿಕ್ ನಗರದವರು ಆಳವಾದ ನೆಲಮಾಳಿಗೆಗಳನ್ನು ತೋಡಿ, ಮೇಲೆ ನೆರಳಿಗೆಂದು ಅಗಲವಾದ ಎಲೆಯ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಸೆಕೆಗೆ ಬೇಸತ್ತ ಜನರು ಆ ನೆರಳಿನಲ್ಲಿಯೇ ಕುಳಿತು ಕುಡಿಯತೊಡಗಿದಾಗ ಊರೊಳಗಿನ ಹೋಟಲಿನವರು ದೊರೆಗೆ ದೂರಿತ್ತರು. 1812ರಲ್ಲಿ ಮೊದಲನೆಯ ಮಾಕ್ಸಿಮಿಲಿಯನ್ ಯೋಸೆಫ್ ದೊರೆ ಜಾಣತನದ ತೀರ್ಪು ಕೊಟ್ಟನು: ನೆಲಮಾಳಿಗೆಯವರು ಬಿಯರನ್ನೂ ರೊಟ್ಟಿಯನ್ನೂ ಮಾತ್ರ ಮಾರಲಿ, ಊಟದ ವ್ಯಾಪಾರ ಹೋಟಲಿನವರದಾಗಿರಲಿ. ಅಂದಿನಿಂದ ಜನ ಮನೆಯಿಂದ ಬುತ್ತಿ ಕಟ್ಟಿಕೊಂಡು ಬರುವ ವಾಡಿಕೆ ಬೆಳೆಯಿತು. ಇಂದಿಗೂ ಹಳೆಯ ತೋಟಗಳಲ್ಲಿ ಹೆಂಗಸರು ಬುಟ್ಟಿಯಿಂದ ಮೇಜುವಸ್ತ್ರ ತೆಗೆದು ಹಾಸಿ, ಮೂಲಂಗಿ, ಗಿಣ್ಣು, ರೊಟ್ಟಿಗಳನ್ನು ಹರವುವುದನ್ನು ಕಾಣಬಹುದು. ಮಕ್ಕಳು ಮರಳುಗಲ್ಲಿನಲ್ಲಿ ಆಡುತ್ತಿರುವರು.

ಅಲ್ಲಿಯೇ ನಾನು ಹೆಲ್ಲೆಸನ್ನು ಮತ್ತೊಮ್ಮೆ ಕುಡಿದೆ, ಮಧ್ಯಾಹ್ನದ ಬಿಸಿಲಿನಲ್ಲಿ, ಉಪ್ಪು ಸವರಿದ ಮೂಲಂಗಿಯ ಜೊತೆಗೆ. ನಾಲ್ಕು ಅಂಕ ಕೊಟ್ಟುದಕ್ಕೆ ನಾಚಿಕೆಯಾಯಿತು. ನೀರಿನಂತಿದೆಯೆಂದು ತಳ್ಳಿದ ಅದರಲ್ಲಿ ಹೊಸ ಧಾನ್ಯದ ನಸುಸಿಹಿ ಮೊದಲು, ಹುಲ್ಲಿನ ಕಂಪಿನಂಥ ಸಣ್ಣ ಕಹಿ ಆಮೇಲೆ. ಸದ್ದಿಲ್ಲದ ರುಚಿ, ಊಟದ ಜೊತೆಗೆ ಎಷ್ಟು ಹೊತ್ತಾದರೂ ಬೇಸರಬಾರದು. ಮ್ಯೂನಿಕ್ಕಿನ ಮಟ್ಟಿಗೆ ಇದು ಹಳೆಯದೇನೂ ಅಲ್ಲ. ಬವೇರಿಯದವನೇ ಆದ ಯೋಸೆಫ್ ಗ್ರೋಲ್ 1842ರಲ್ಲಿ ಬೊಹೀಮಿಯದ ಪಿಲ್ಸೆನ್ ಪಟ್ಟಣದಲ್ಲಿ ಚಿನ್ನದ ಬಣ್ಣದ ಲಾಗೆರ್ ಮಾಡಿ ತೋರಿಸಿದ ಮೇಲೆ ಗಿರಾಕಿಗಳು ಆ ಕಡೆ ವಾಲಿದರು. ಅದಕ್ಕೆ ಉತ್ತರವಾಗಿ ಮ್ಯೂನಿಕ್ಕಿನ ಷ್ಪಾಟೆನ್ ಬಿಯರುಮನೆಯವರು 1894ರಲ್ಲಿ ಹೆಲ್ಲೆಸನ್ನು ಹೊರತಂದರು.

ಅದಕ್ಕೂ ಮೊದಲು ಮ್ಯೂನಿಕ್ಕಿನ ನಿತ್ಯದ ಬಿಯರು ಡುಂಕೆಲ್. ಅಲ್ಲಿಯ ನೀರು ಸುಣ್ಣದ ಗಡಸುನೀರು. ಅದು ಕೆಂಪೇರಿಸಿದ ಕಾಳಿಗೆ ಹೊಂದುವಂತೆ ಬಿಳಿಯ ಕಾಳಿಗೆ ಹೊಂದುವುದಿಲ್ಲ. ಬಣ್ಣ ಕಪ್ಪಾದುದರಿಂದ ಕಡುಮದ್ಯವೆಂದು ಹೊಸಬರು ಹೆದರುವರು. ಹಾಗಲ್ಲ, ಹೆಲ್ಲೆಸಿನಂತೆ ಇದರಲ್ಲಿಯೂ ಮದ್ಯಸಾರ ನೂರಕ್ಕೆ ಐದರ ಆಸುಪಾಸು. ನನ್ನ ನಾಲಗೆಗೆ ಐದರಲ್ಲಿ ಅತ್ಯಂತ ಆಪ್ತವಾದುದು ಇದೇ.

ಗೋಧಿಯ ಬಿಯರಿನ ಕಥೆ ಸ್ವಾರಸ್ಯವಾದುದು. ಪ್ರಜೆಗಳಿಗೆ ನಿಷಿದ್ಧವಾದ ಗೋಧಿಯನ್ನು ಬಳಸುವ ಹಕ್ಕು ಡೆಗೆನ್‌ಬೆರ್ಗ್ ಎಂಬ ಒಂದು ಸರದಾರ ಮನೆತನಕ್ಕೆ ಮಾತ್ರ ಇತ್ತು. 1602ರಲ್ಲಿ ಆ ವಂಶ ನಿಂತುಹೋದಾಗ ದೊರೆ ಮೊದಲನೆಯ ಮಾಕ್ಸಿಮಿಲಿಯನ್ ಹಕ್ಕನ್ನು ತನ್ನದಾಗಿ ಮಾಡಿಕೊಂಡು ಬೊಕ್ಕಸ ತುಂಬಿಸಿಕೊಂಡನು. ರೊಟ್ಟಿಗೆ ಗೋಧಿ ಉಳಿಯಲೆಂಬ ನ್ಯಾಯ ಅರಮನೆಯ ಬಾಗಿಲಿನಲ್ಲಿ ನಿಂತುಹೋಯಿತೆಂದು ಕಾಣುತ್ತದೆ! ಕಾಲಕ್ರಮದಲ್ಲಿ ಜನರ ಒಲವು ಕುಗ್ಗಿದ ಮೇಲೆ, 1872ರಲ್ಲಿ ಗೇಯೊರ್ಗ್ ಷ್ನೈಡರ್ ಎಂಬಾತನು ಅದನ್ನು ಮಾಡುವ ಅಧಿಕಾರವನ್ನು ಪಡೆದು, ಅಳಿಯಲಿದ್ದ ಬಗೆಯನ್ನು ಉಳಿಸಿದನು. ಇದನ್ನು ಬೆಳಗಿನ ಹೊತ್ತು, ಬಿಳಿಯ ಸಾಸೇಜು, ಸಿಹಿ ಸಾಸಿವೆಗಳೊಡನೆ ಕುಡಿಯುವುದು ಅಲ್ಲಿಯ ಸಂಪ್ರದಾಯ. ಮೂಗಿಗೆ ಹಿಡಿದರೆ ಕಳಿತ ಬಾಳೆಹಣ್ಣು, ಹಿಂದೆಯೇ ಲವಂಗ! ಹಣ್ಣನ್ನಾಗಲಿ ಮಸಾಲೆಯನ್ನಾಗಲಿ ಯಾರೂ ಹಾಕಿಲ್ಲ. ಎಲ್ಲ ಮೇಲೆ ತೇಲುವ ಹೆಪ್ಪಿನ ಮಾಟ. ಸೀಸೆಯ ತಳದಲ್ಲಿ ನಿಂತ ಮಡ್ಡಿಯನ್ನು ಬಿಡದೆ, ಕೊನೆಯ ಗುಟುಕನ್ನು ತಿರುಗಿಸಿ ಕಲಕಿ ಲೋಟಕ್ಕೆ ಸುರಿಯುವರು. ಬೆಂಗಳೂರಿನಲ್ಲಿ ಸ್ಥಳದಲ್ಲಿಯೇ ಬಿಯರು ಮಾಡಿ ಬಡಿಸುವ ಈಚಿನ ಅಂಗಡಿಗಳಲ್ಲಿ 'ಹೆಫೆವೈಟ್ಸೆನ್' ಎಂಬ ಹೆಸರನ್ನು ಕಂಡವರು ಅದು ಈ ಗೋಧಿ ಬಿಯರೇ ಎಂದು ತಿಳಿಯಬಹುದು.

ನಾನು ಮೊದಲ ಬಹುಮಾನ ಕೊಟ್ಟ ಡೊಪ್ಪೆಲ್‌ಬೊಕ್ ಉಪವಾಸದ ಪಾನೀಯ. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಮ್ಯೂನಿಕ್ಕಿನ ಪೌಲಾನರ್ ಸಂನ್ಯಾಸಿಗಳು ಊಟಕ್ಕೆ ಬದಲು ಇದನ್ನು ಕುಡಿಯುತ್ತಿದ್ದರು. ದ್ರವರೂಪದ ರೊಟ್ಟಿಯೆಂದು ಇದರ ಬಿರುದು. ಮದ್ಯಸಾರ ನೂರಕ್ಕೆ ಏಳಕ್ಕೂ ಮಿಕ್ಕು. ಏಕಾದಶಿಯ ಉಪವಾಸಕ್ಕೆಂದು ಮಾಡುವ ಫಲಾಹಾರ ದಿನದ ಊಟಕ್ಕಿಂತ ಭಾರವಾಗಿರುವುದನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ತಣ್ಣಗಿನ ಸಂಜೆ, ಒಂದೇ ಲೋಟ, ನಿಧಾನವಾಗಿ, ಹಾಗಾದರೆ ಒಳ್ಳೆಯದೇ. ಎರಡನೆಯ ಲೋಟದಲ್ಲಿ ಸಿಹಿ ಮೊಗಮೊತ್ತಿತು. ಒಂಬತ್ತು ಅಂಕ ಮೊದಲ ಎರಡು ಬೆರಳಿನದಷ್ಟೇ ಎಂದು ಆಗ ಗೊತ್ತಾಯಿತು.

ಕೊನೆಗೆ ಹೊಗೆಯ ಬಿಯರು. ಬಾಂಬೆರ್ಗಿನಲ್ಲಿ ಷ್ಲೆಂಕೆರ್ಲಾ, ಷ್ಪೆಟ್ಸಿಯಾಲ್ ಎಂಬೆರಡು ಹಳೆಯ ಮನೆಗಳು ಇಂದಿಗೂ ಕಾಳನ್ನು ಬೀಚ್ ಮರದ ಬೆಂಕಿಯ ಹೊಗೆಯಲ್ಲಿ ಒಣಗಿಸುತ್ತವೆ. ಸೌದೆಯ ಒಲೆಗಳಿದ್ದ ಕಾಲದಲ್ಲಿ ಹೊಗೆ ಸೋಂಕದ ಕಾಳು ಅಪರೂಪವಾಗಿತ್ತು. ಹೊಗೆ ತಗಲದಂತೆ ಬಿಸಿಗಾಳಿಯಿಂದ ಒಣಗಿಸುವ ವಿದ್ಯೆ ಬಂದ ಮೇಲೆ ಉಳಿದವರೆಲ್ಲ ಅದನ್ನು ಬಿಟ್ಟರು. ಮೂರು ಸಂಜೆ ಬಿಡದೆ, ದಿನಕ್ಕೊಂದು ಅರ್ಧ ಲೀಟರು, ಊಟದೊಡನೆ ತೆಗೆದುಕೊಳ್ಳಿರೆಂದು ಯಜಮಾನರ ಅಪ್ಪಣೆಯಾಗಿತ್ತು. ಮೊದಲ ಸಂಜೆ ಅದೇ ಕಂಬಳಿ. ಎರಡನೆಯ ಸಂಜೆ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ನೆನಪು ಬಂದಿತು. ಮೂರನೆಯ ದಿನ ಹೊಗೆ ಹಿಂದಕ್ಕೆ ಸರಿದು, ಅದರ ಕೆಳಗಿದ್ದ ಬಿಯರು ನಾಲಗೆಗೆ ಸಿಕ್ಕಿತು.

ಊರಿಗೆ ಹೊರಡುವ ಹಿಂದಿನ ರಾತ್ರಿ ಅದೇ ಐದನ್ನು ಮತ್ತೆ ಮೇಜಿನ ಮೇಲಿಟ್ಟೆವು. ಈ ಸಲ ಹೆಲ್ಲೆಸ್ ಮೊದಲು, ಆಮೇಲೆ ಗೋಧಿ, ಡುಂಕೆಲ್, ಡೊಪ್ಪೆಲ್‌ಬೊಕ್, ಹೊಗೆಯದು ಕಡೆಗೆ. ನಡುನಡುವೆ ಒಣ ರೊಟ್ಟಿಯ ಚೂರು, ನೀರು. ಗಟ್ಟಿಯಾದುವನ್ನು ಬಹಳ ತಣ್ಣಗಿಡದೆ ಮುಂಚೆಯೇ ಹೊರಗೆ ತೆಗೆದಿಟ್ಟಿದ್ದರು. ಹಳೆಯ ಅಂಕಗಳಲ್ಲಿ ಒಂದೂ ನಿಲ್ಲಲಿಲ್ಲ: ಡುಂಕೆಲಿಗೆ ಒಂಬತ್ತು, ಹೆಲ್ಲೆಸಿಗೆ ಎಂಟು, ಹೊಗೆಯದಕ್ಕೂ ಎಂಟು, ಗೋಧಿಗೆ ಆರು, ಡೊಪ್ಪೆಲ್‌ಬೊಕ್ಕಿಗೆ ಐದು. ಗೋಧಿಗೆ ರಾತ್ರಿಯ ಹೊತ್ತಿನಲ್ಲಿ ಅನ್ಯಾಯವಾಗಿದ್ದರೂ ಆಗಿರಬಹುದು.

"ನೀವು ಮಾಡುತ್ತಿದ್ದ ಬಿಯರು ಈ ಸಾಲಿನಲ್ಲಿ ಏಕಿಲ್ಲ?" ಎಂದು ಆಗ ಕೇಳಿದೆ. ಇಷ್ಟು ದಿನ ಕೇಳದೆ ಇದ್ದುದು ನನ್ನ ತಪ್ಪು. ಅವರು ದುಡಿದುದು ಆ ಹಳ್ಳಿಯದೇ ಬಿಯರುಮನೆಯಲ್ಲಿ. ಒಡೆಯರ ಮಕ್ಕಳು ಪಟ್ಟಣ ಸೇರಿದ ಮೇಲೆ ಅದು ಮುಚ್ಚಿತಂತೆ. ಹಳ್ಳಿಯ ಹೋಟಲಿಗೆ ಈಗ ಬಿಯರು ದೂರದಿಂದ ಲಾರಿಯಲ್ಲಿ ಬರುತ್ತದೆ. ಇಂಥವು ಅನೇಕ. ಬವೇರಿಯದಲ್ಲಿ ಇನ್ನೂ ಸುಮಾರು 600 ಬಿಯರುಮನೆಗಳುಂಟು; ಆದರೆ 1970ರ ದಶಕದಲ್ಲಿ ಪಶ್ಚಿಮ ಜರ್ಮನಿಯವನೊಬ್ಬ ವರ್ಷಕ್ಕೆ ಸರಾಸರಿ 150 ಲೀಟರಿನಷ್ಟು ಕುಡಿಯುತ್ತಿದ್ದ ಬಿಯರು ಇಂದಿನ ಜರ್ಮನಿಯಲ್ಲಿ 100ಕ್ಕೂ ಕೆಳಗಿಳಿದಿದೆ. ಆರೋಗ್ಯದ ದೃಷ್ಟಿಯಿಂದ ಇದನ್ನು ಒಳ್ಳೆಯದೆನ್ನಬೇಕು. ಹಾಗೆಂದು ಆ ವೃದ್ಧರ ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

"ಅದರ ರುಚಿ ಹೇಗಿತ್ತು?" ಎಂದೆ.

ಅವರು ಡುಂಕೆಲಿನ ಲೋಟವನ್ನು ದೀಪಕ್ಕೆ ಹಿಡಿದು ನೋಡಿದರು. "ಬಣ್ಣ ಇದಕ್ಕಿಂತ ತುಸು ತಿಳಿ. ಸಿಹಿ ಕಡಮೆ. ಕಹಿ ತಡವಾಗಿ ಬರುತ್ತಿತ್ತು, ಬಂದರೆ ಬಹಳ ಹೊತ್ತು ಇರುತ್ತಿತ್ತು" ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಮತ್ತೆ ಮಾಡಲಾಗದೆ?"

"ಕಾಳು ಸಿಗುತ್ತದೆ, ಬಾವಿ ಇದೆ, ಅಳತೆಯೆಲ್ಲ ಬರೆದಿಟ್ಟಿದ್ದೇನೆ. ಹೆಪ್ಪು ಇಲ್ಲ" ಎಂದರು. ಬಾಗಿಲು ಮುಚ್ಚಿದ ದಿನ ಅದನ್ನು ಮೋರಿಗೆ ಸುರಿದುಬಿಟ್ಟರಂತೆ.