ಐದಾರು ಅಕ್ಕಿ ಕಾಳಿನ ನೂಕುಬಲ

2022ರ ನವೆಂಬರ್ 26ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ54 ರಾಕೆಟ್ಟಿನಲ್ಲಿ ಹೈದರಾಬಾದಿನ ಧ್ರುವ ಸ್ಪೇಸ್ ಕಂಪನಿಯ ಎರಡು ಉಪಗ್ರಹಗಳಿದ್ದವು: ಥೈಬೋಲ್ಟ್-1, ಥೈಬೋಲ್ಟ್-2. ಎರಡೂ ಸೇರಿ ಒಂದೂವರೆ ಕಿಲೋ ತೂಗುತ್ತಿರಲಿಲ್ಲ. ಅವನ್ನು ಹೊತ್ತೊಯ್ದ ರಾಕೆಟ್ಟಿನ ಎರಡನೇ ಹಂತದ ವಿಕಾಸ್ ಎಂಜಿನ್ನಿನ ನೂಕುಬಲವೋ, ಸುಮಾರು 8 ಲಕ್ಷ ನ್ಯೂಟನ್.

ಇಂಥ ಕಿಲೋ ತೂಕದ ಉಪಗ್ರಹವನ್ನು ಕಕ್ಷೆಯಲ್ಲಿ ಅತ್ತಿತ್ತ ಸರಿಸಲು ನ್ಯೂಟನ್ನಿನ ಸಾವಿರದಲ್ಲೊಂದು ಪಾಲು ಬಲವಿದ್ದರೆ ಸಾಕು. ಅಂಗೈ ಮೇಲಿಟ್ಟ ಐದಾರು ಅಕ್ಕಿ ಕಾಳಿನ ಭಾರವದು. ವಿಕಾಸ್‌ಗೆ ಸರಿಗಟ್ಟಲು ಇಷ್ಟು ಬಲ ಕೊಡುವ ಪುಟ್ಟ ಎಂಜಿನ್ನುಗಳು, ಅಂದರೆ ಥ್ರಸ್ಟರುಗಳು, 80 ಕೋಟಿ ಬೇಕು! ಆದರೂ ಹಗುರವಾಗಿ ಕಾಣುವಂತಿಲ್ಲ. ಬಿಸಿ ಮಾಡದ ಬರೀ ನೈಟ್ರೋಜನ್ ಅನಿಲವನ್ನು ಒಂದು ಗಂಟೆ ಹೊರಬಿಟ್ಟರೆ ಖರ್ಚು 5 ಗ್ರಾಂ. ಅಷ್ಟರಲ್ಲಿ ಉಪಗ್ರಹದ ಕಕ್ಷೆ ಸುಮಾರು 6 ಕಿಲೋಮೀಟರ್ ಮೇಲೇರಿರುತ್ತದೆ.

ಥ್ರಸ್ಟರಿನ ಒಳಗಿನ ಲೆಕ್ಕ ಇನ್ನೂ ವಿಚಿತ್ರ. ನಾವು ಉಸಿರಾಡುವ ಗಾಳಿಯಷ್ಟೇ ಒತ್ತಡದಲ್ಲಿ ಅನಿಲ ತುಂಬಿದೆ ಎಂದುಕೊಳ್ಳಿ. ಆಗ ಅನಿಲ ಹೊರಚಿಮ್ಮುವ ಕೊಳವೆಯ, ಅಂದರೆ ನಾಜಲ್‌ನ ಅತಿ ಕಿರಿದಾದ ಜಾಗದ ಅಗಲ 0.09 ಮಿಲಿಮೀಟರ್. ಅಷ್ಟು ಸಣ್ಣ ತೂತಿನಿಂದ ಸೆಕೆಂಡಿಗೆ ಹೊರಬೀಳುವ ಅಣುಗಳು 3 ಲಕ್ಷ ಕೋಟಿ ಕೋಟಿ. (‘ಕೋಟಿ’ ಎರಡು ಸಲ ಬಂದಿರುವುದು ಅಚ್ಚಿನ ತಪ್ಪಲ್ಲ.) ಹೊರಬೀಳುವ ಮುನ್ನ ಒಂದೊಂದು ಅಣುವೂ ಸೆಕೆಂಡಿಗೆ 700 ಕೋಟಿ ಸಲ ನೆರೆಯ ಅಣುಗಳಿಗೆ ಡಿಕ್ಕಿ ಹೊಡೆಯುತ್ತಿರುತ್ತದೆ. ಒಂದು ಡಿಕ್ಕಿಗೂ ಇನ್ನೊಂದಕ್ಕೂ ನಡುವೆ ಅದು ಸಾಗುವ ದೂರ 68 ನ್ಯಾನೋಮೀಟರ್ ಮಾತ್ರ. ಹೊರಗೆ ಬಿದ್ದು ಚದುರಿ, ಕೊನೆಗೆ 500 ಕಿಲೋಮೀಟರ್ ಎತ್ತರದ ತೆಳು ವಾತಾವರಣದಲ್ಲಿ ಬೆರೆತಾಗ ಅದೇ ದೂರ ಹತ್ತಾರು ಕಿಲೋಮೀಟರ್. ಹೆಚ್ಚುಕಡಿಮೆ ಲಕ್ಷ ಕೋಟಿ ಪಟ್ಟು!

ಎಂಜಿನಿಯರ್‌ಗಳಿಗೆ ತಲೆನೋವು ಶುರುವಾಗುವುದು ಇಲ್ಲಿಂದಲೇ. ಕಿರಿದಾದ ಜಾಗದಲ್ಲಿ ಅನಿಲ ನೀರಿನಂತೆ ಹರಿಯುತ್ತದೆ, ದ್ರವಗಳಿಗೆ ಬಳಸುವ ನೇವಿಯರ್-ಸ್ಟೋಕ್ಸ್ ಸಮೀಕರಣ ಸಾಲುತ್ತದೆ. ಬಾಯಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ‘ಹರಿವು’ ಅನ್ನುವುದೇ ಉಳಿದಿರುವುದಿಲ್ಲ; ತಮ್ಮ ಪಾಡಿಗೆ ತಾವು ಓಡುವ ಒಂಟಿ ಅಣುಗಳಷ್ಟೇ. ಅವನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕುವ ವಿಧಾನವನ್ನು 1963ರಲ್ಲಿ ತೋರಿಸಿಕೊಟ್ಟವರು ಆಸ್ಟ್ರೇಲಿಯಾದ ಗ್ರೇಮ್ ಬರ್ಡ್. ಕಂಪ್ಯೂಟರಿನ ಒಂದು ಕಣ ಕೋಟಿಗಟ್ಟಲೆ ನಿಜ ಅಣುಗಳ ಪರವಾಗಿ ಓಡುತ್ತದೆ. ಯಾವುದು ಯಾವುದಕ್ಕೆ ಬಡಿಯಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆ. ಜಾಣತನದ ಉಪಾಯವೇ, ಆದರೆ ದುಬಾರಿ. ಅನಿಲ ದಟ್ಟವಾಗಿರುವ ಕಡೆ ಎರಡು ಡಿಕ್ಕಿಗಳ ನಡುವಿನ ಅವಧಿಗಿಂತ ಚಿಕ್ಕ ಹೆಜ್ಜೆ ಇಡಬೇಕಾಗುವುದರಿಂದ, ಸೆಕೆಂಡಿನ ಸಾವಿರದಲ್ಲೊಂದು ಪಾಲು ಕಳೆಯಲು ಸುಮಾರು ಒಂದು ಕೋಟಿ ಹೆಜ್ಜೆ ಬೇಕು. ಹಾಗಾಗಿ ಒಳಗಿನ ಪಾಲನ್ನು ಹಳೆಯ ಸಮೀಕರಣಕ್ಕೂ ಹೊರಗಿನದನ್ನು ಬರ್ಡ್ ವಿಧಾನಕ್ಕೂ ಹಂಚುತ್ತಾರೆ.

ಇಷ್ಟೆಲ್ಲ ಗುದ್ದಾಟದ ಫಲ ವಿನ್ಯಾಸದಲ್ಲಿ ಕಾಣುತ್ತದೆ. ದೊಡ್ಡ ರಾಕೆಟ್ಟಿನಲ್ಲಿ ನಾಜಲ್ ಗೋಡೆಗೆ ಅಂಟಿ ನಿಧಾನವಾಗುವ ಅನಿಲದ ಪದರ ಲೆಕ್ಕಕ್ಕಿಲ್ಲದಷ್ಟು ತೆಳು. ಇಲ್ಲಿ ಅದೇ ನಾಜಲ್‌ನ ಬಹುಪಾಲನ್ನು ಕಬಳಿಸಿಬಿಡುತ್ತದೆ. ನಾಜಲ್‌ನ ಗಂಟೆಯಾಕಾರದ ಬಾಯನ್ನು ಉದ್ದ ಮಾಡಿದಷ್ಟೂ ಬಲ ಹೆಚ್ಚೀತು ಎಂದು ಹೊರಟರೆ, ಒಂದು ಹಂತದ ನಂತರ ಗೋಡೆಯ ತಿಕ್ಕಾಟವೇ ಇದ್ದ ಬಲವನ್ನೂ ತಿನ್ನತೊಡಗುತ್ತದೆ.