ಯಂತ್ರ ಬರೆದ ಸಾಲು, ಸಭೆ ಹಾಡುವ ಸಾಲು

ಹಾಸನ ಜಿಲ್ಲೆಯ ಚರ್ಚು ಎಂದರೆ ಹೊರಗಿನವರಿಗೆ ನೆನಪಾಗುವುದು ಶೆಟ್ಟಿಹಳ್ಳಿಯದೊಂದೇ. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ ಆ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ಕ್ಯಾಮೆರಾದವರಿಗೆ ಅಷ್ಟು ಸಾಕು. ಹಾಡುವ ಚರ್ಚುಗಳು ಬೇರೆ ಇವೆ: ಹಾಸನ ಪಟ್ಟಣದಲ್ಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆ, ಒಂದು ಹಾರ್ಮೋನಿಯಮ್ಮೋ ಕೀಬೋರ್ಡೋ ಇಟ್ಟುಕೊಂಡು ಭಾನುವಾರ ದನಿ ಎತ್ತುವ ಸಣ್ಣ ಸಭೆಗಳು. ಈಗ ಇಂಥ ಸಭೆಯ ಗಾನವೃಂದದಲ್ಲಿ ಯಾರು ಬೇಕಾದರೂ ಫೋನು ತೆಗೆದು, 'ಸುಗ್ಗಿ ಹಬ್ಬಕ್ಕೆ ಒಂದು ಗೀತೆ ಬರೆದುಕೊಡು' ಎಂದು ಕೃತಕ ಬುದ್ಧಿಮತ್ತೆಯನ್ನು ಕೇಳಬಹುದು. ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಾಲ್ಕು ಚರಣ, ಒಂದು ಪಲ್ಲವಿ ಸಿದ್ಧ. ಅದನ್ನು ಹಾಡಾಗಿಸುವುದು ಮಾತ್ರ ಇವತ್ತಿಗೂ ಕುಸುರಿ ಕೆಲಸ. ಆ ಕುಸುರಿಯನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮಾತನ್ನು ರಾಗಕ್ಕೆ ಕೂರಿಸುವ ತೊಂದರೆ ಹಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳನ್ನು ಹೊತ್ತು ತಂದರು, ಅವಕ್ಕೆ ಕನ್ನಡ ಮಾತು ಹೊಂದಿಸಿದರು. ಹಳೆ ಮೈಸೂರಿನಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನವರದು ಇಂಗ್ಲಿಷ್ ರಾಗಗಳ ಪರಂಪರೆ; ಆರು ಸಾವಿರಕ್ಕೂ ಹೆಚ್ಚು ಗೀತೆ ಬರೆದ ಚಾರ್ಲ್ಸ್ ವೆಸ್ಲಿಯ ವಂಶ ಅದು. ಹಾಸನದ ಕಥೋಲಿಕರಿಗೆ 1963 ಮುಖ್ಯ ವರ್ಷ. ಹಾಸನವನ್ನೂ ಒಳಗೊಂಡ ಚಿಕ್ಕಮಗಳೂರು ಧರ್ಮಪ್ರಾಂತ್ಯ ಆ ನವೆಂಬರಿನಲ್ಲಿ ಹುಟ್ಟಿತು. ಮೂರು ವಾರ ಕಳೆಯುವುದರೊಳಗೆ, ಡಿಸೆಂಬರ್ 4ರಂದು, ಎರಡನೇ ವ್ಯಾಟಿಕನ್ ಮಹಾಸಭೆ ಜನರ ನುಡಿಯಲ್ಲಿ ಆರಾಧನೆ ನಡೆಸಲು ದಾರಿ ತೆರೆಯಿತು. ಪ್ರವೇಶಗೀತೆ, ಕಾಣಿಕೆ ಗೀತೆ, ಪರಮಪ್ರಸಾದ ಗೀತೆ ಎಂದು ಕನ್ನಡ ಹಾಡುಗಳ ಬೇಡಿಕೆ ಒಮ್ಮೆಲೇ ಏರಿತು.

ಕನ್ನಡದ ಕಿವಿಗೆ ಕನ್ನಡದ ನಡಿಗೆಯೇ ಬೇಕು ಎಂದು ಮೊದಲೇ ಅರಿತವರು ಅದೇ ಬಾಸೆಲ್ ಮಿಷನ್ನಿನ ಪಾದ್ರಿ ಕಿಟೆಲ್. ನಿಘಂಟಿನ ಕಿಟೆಲ್ ಎಂದೇ ನಾವು ಅವರನ್ನು ಬಲ್ಲೆವು. ಆದರೆ 1894ರ ನಿಘಂಟಿಗೆ ಮೂರು ದಶಕ ಮೊದಲೇ, 1862ರಲ್ಲಿ, ಯೇಸುವಿನ ಕಥೆಯನ್ನು ದೇಸಿ ಛಂದಸ್ಸಿಗೆ ಇಳಿಸಿ 'ಕಥಾಮಾಲೆ' ಬರೆದವರೂ ಅವರೇ, 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ ಅಚ್ಚು ಹಾಕಿಸಿದವರೂ ಅವರೇ. ಛಂದಸ್ಸಿನ ಗ್ರಂಥ ಒಬ್ಬ ಪಾದ್ರಿಗೆ ಏಕೆ ಬೇಕಿತ್ತು ಎಂದು ಕೇಳುವವರು ಒಂದು ಇಂಗ್ಲಿಷ್ ರಾಗಕ್ಕೆ ಕನ್ನಡ ಕೂರಿಸಲು ಹೋಗಿ ನೋಡಬೇಕು.

ಇಂಗ್ಲಿಷ್ ಗೀತೆಯಲ್ಲಿ ಎಣಿಸುವುದು ಉಚ್ಚಾರದ ತುಣುಕುಗಳನ್ನು. ಅವರ ಹಾಡಿನ ಪುಸ್ತಕಗಳಲ್ಲಿ ರಾಗದ ಹೆಸರಿನ ಪಕ್ಕ 8.8.8.8 ಎಂದೋ 8.6.8.6 ಎಂದೋ ಅಚ್ಚಾಗಿರುತ್ತದೆ. ಅಂಕಿ ಹೊಂದಿದರೆ ಹೆಚ್ಚಾಗಿ ಯಾವ ಪದ್ಯವನ್ನು ಯಾವ ರಾಗಕ್ಕಾದರೂ ಹಾಡಬಹುದು. ಕನ್ನಡದಲ್ಲಿ ಅಂಕಿ ಹೊಂದಿದರೂ ಹಾಡು ಹೊಂದುವುದಿಲ್ಲ, ಏಕೆಂದರೆ ನಮ್ಮದು ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರುವಿನ ಲೆಕ್ಕ. ರಾಗ ಒಂದು ಸ್ವರವನ್ನು ಎಳೆಯುವ ಜಾಗದಲ್ಲಿ ಲಘು ಬಂದು ಕೂತರೆ ಅದು ಗುರುವಾಗಿ ಕೇಳಿಸುತ್ತದೆ. 'ನಿನಗೆ ಮನ ಕೊಡುವೆ' ಎಂದು ಬರೆದದ್ದು 'ಮಾನ ಕೊಡುವೆ' ಎಂದಾಗುತ್ತದೆ. ಪುಸ್ತಕದಲ್ಲಿ ಭಕ್ತಿ, ಬಾಯಲ್ಲಿ ಅಪಾರ್ಥ. ಹಳೆಯ ಅನುವಾದ ಗೀತೆಗಳು ಎಡವುವುದು ಹೆಚ್ಚಾಗಿ ಇಲ್ಲೇ ಎಂದು ನನ್ನ ಅನಿಸಿಕೆ.

ಈ ಗಂಟನ್ನು ಬಿಡಿಸುವುದು ಹೇಗೆಂದು ಚೆನ್ನಾಗಿ ತೋರಿಸಿದವರು ಕ್ರೈಸ್ತರಲ್ಲದ ಬಿ.ಎಂ. ಶ್ರೀಕಂಠಯ್ಯನವರು. 1833ರಲ್ಲಿ ಇಂಗ್ಲಿಷ್ ಪಾದ್ರಿ ನ್ಯೂಮನ್ ಬರೆದ 'ಲೀಡ್ ಕೈಂಡ್ಲಿ ಲೈಟ್' ಗೀತೆಯನ್ನು ಅವರು 'ಇಂಗ್ಲಿಷ್ ಗೀತಗಳು' ಸಂಕಲನಕ್ಕೆ (1926) ತಂದಾಗ ಉದ್ದ ಸಾಲು, ಗಿಡ್ಡ ಸಾಲುಗಳ ಮೂಲ ವಿನ್ಯಾಸ ಉಳಿಸಿಕೊಂಡರು, ಒಳಗಿನ ನಡೆಯನ್ನು ಮಾತ್ರ ಐದೈದು ಮಾತ್ರೆಯ ಗಣಗಳಿಗೆ ಒಗ್ಗಿಸಿದರು. ಶಾಲೆಗಳಲ್ಲಿ ಎಲ್ಲ ಮತದ ಮಕ್ಕಳೂ ಅದನ್ನು ಪ್ರಾರ್ಥನೆಯಾಗಿ ಹಾಡಿದ್ದಾರೆ. ಚರ್ಚಿನ ಬೇರಾವ ಹಾಡೂ ಇಷ್ಟು ದೂರ ನಡೆದದ್ದು ನನಗೆ ನೆನಪಿಲ್ಲ.

ಇನ್ನು ಯಂತ್ರ. ಭಾಷಾ ಮಾದರಿ ಎಂದು ಕರೆಯುವ ಈ ತಂತ್ರಾಂಶ ಓದಿದ ಪಠ್ಯದ ರಾಶಿಯ ಆಧಾರದ ಮೇಲೆ ಮುಂದಿನ ಚೂರು ಯಾವುದಿರಬಹುದೆಂದು ಊಹಿಸುತ್ತ ಸಾಲು ಕಟ್ಟುತ್ತದೆ. ಅದಕ್ಕೆ ಕಿವಿಯಿಲ್ಲ. ಅಕ್ಷರವೂ ನಾವು ಕಂಡಂತೆ ಕಾಣುವುದಿಲ್ಲ: 'ಸ್ತ್ರೀ' ನಮಗೆ ಒಂದೇ ಅಕ್ಷರ, ಗಣಕದ ಯುನಿಕೋಡಿನಲ್ಲಿ ಆರು ಸಂಕೇತ. ಇಂಗ್ಲಿಷಿಗೆ ಹೋಲಿಸಿದರೆ ಅದು ಓದಿದ ಕನ್ನಡವೂ ಬಹಳ ಕಡಿಮೆ. ಬೆಂಗಳೂರಿನ ಸರ್ವಂ ಸಂಸ್ಥೆ 2024ರಲ್ಲಿ ಬಿಟ್ಟ ಮಾದರಿಯಂಥವು ಕನ್ನಡ ಸೇರಿ ಹತ್ತು ಭಾರತೀಯ ಭಾಷೆಗಳ ಪದಗಳನ್ನು ಹೆಚ್ಚು ಚೂರು ಮಾಡದೆ ಓದುವಂತೆ ರೂಪಿಸಿದವು. ಅಲ್ಲೂ ಮಾತ್ರೆಯ ಅರಿವು ತಾನಾಗಿ ಬರುವುದಿಲ್ಲ.

ಹಾಗಾಗಿ ಸುಮ್ಮನೆ ಗೀತೆ ಕೇಳಿದರೆ ಸಿಗುವುದು ಹೆಚ್ಚಾಗಿ ಈ ಜಾಡಿನ ಸಾಲು:

ನಿನ್ನ ಅಪಾರ ಪ್ರೀತಿಯು ನಮ್ಮ ಜೀವನವನ್ನು ಬೆಳಗುತ್ತದೆ,
ಗೋಧಿಯ ಹೊಲಗಳು ನಿನ್ನ ಮಹಿಮೆಯನ್ನು ಸಾರುತ್ತವೆ.

ವ್ಯಾಕರಣ ಸರಿ, ಭಾವ ಸರಿ. ಆದರೆ ಇದು ಸಾಲು ಮುರಿದ ಗದ್ಯ. ಮೊದಲ ಸಾಲನ್ನು ಪದಪದವಾಗಿ ಎಣಿಸಿ: ಮೂರು, ನಾಲ್ಕು, ನಾಲ್ಕು, ಮೂರು, ಏಳು, ಆರು ಮಾತ್ರೆ. ತಾಳ ಹಾಕುವವನ ಕೈ ಎಲ್ಲಿ ಬೀಳಬೇಕು? ಮೇಲಾಗಿ ಚನ್ನರಾಯಪಟ್ಟಣದ ತೆಂಗಿನ ತೋಟದವನಿಗೂ ಹಾಸನದ ಆಲೂಗಡ್ಡೆ ರೈತನಿಗೂ ಗೋಧಿಯ ಹೊಲದಿಂದ ಏನಾಗಬೇಕು? ಯಂತ್ರ ಓದಿದ ಗೀತೆಗಳ ಹಿಂದಿದ್ದದ್ದು ಯುರೋಪಿನ ನೆಲ, ಅದು ಹಾಗೆಯೇ ಇಲ್ಲಿಗೆ ಬಂದು ಕೂತಿದೆ.

ಬಲ್ಲವರು ಬೇರೆ ಬಗೆಯಲ್ಲಿ ದುಡಿಸಿಕೊಳ್ಳುತ್ತಾರೆ. ಅವರು ಯಂತ್ರದಿಂದ ಹಾಡು ಕೇಳುವುದಿಲ್ಲ, ಸಾಮಗ್ರಿ ಕೇಳುತ್ತಾರೆ. ಸುಗ್ಗಿ ಹಬ್ಬಕ್ಕಾದರೆ 65ನೇ ಕೀರ್ತನೆ ಹೇಳಿ ಮಾಡಿಸಿದ ಆಧಾರ. ಮಳೆ, ನೆಲ, ಬೆಳೆ ಮೂರೂ ಅದರಲ್ಲಿವೆ. ಆ ಕೀರ್ತನೆಯ ಒಂದೊಂದು ಚಿತ್ರಕ್ಕೂ ಹೇಮಾವತಿ ಬಯಲಿನ ರಾಗಿ, ಆಲೂಗಡ್ಡೆ, ಕೆರೆ, ನಾಲೆಗಳಲ್ಲಿ ಏನು ಹೊಂದೀತು ಎಂದು ಕೇಳಿದರೆ ಯಂತ್ರ ಇಪ್ಪತ್ತು ಸಲಹೆ ಕೊಡುತ್ತದೆ. ಹದಿನೈದು ಜೊಳ್ಳು, ಐದು ಕಾಳು. ಆ ಐದನ್ನು ಹೆಕ್ಕುವ ಕಣ್ಣು ಬರೆಯುವವರದೇ ಆಗಿರಬೇಕು. ವಾಕ್ಯ, ವಚನ ಸಂಖ್ಯೆಗಳನ್ನು ಅದು ಧೈರ್ಯವಾಗಿ ತಪ್ಪು ಹೇಳುವುದೂ ಉಂಟು. ಬೈಬಲ್ ಪಕ್ಕದಲ್ಲಿ ತೆರೆದಿರಲಿ.

ಆಮೇಲೆ ನಡೆ ಹಿಡಿಯಬೇಕು. ನಾಲ್ಕು ಮಾತ್ರೆಯ ನಾಲ್ಕು ಗಣ, ಸಾಲಿಗೆ ಹದಿನಾರು ಎಂದುಕೊಳ್ಳಿ. ಈ ಲೇಖನಕ್ಕೆಂದೇ ನಾನು ಕಟ್ಟಿದ ಒಂದು ಚರಣ:

ಮಳೆಯನು ಸುರಿಸಿದೆ ನೆಲವನು ತಣಿಸಿದೆ
ರಾಗಿಯ ತೆನೆಯೊಳು ಹಾಲನು ತುಂಬಿದೆ
ಹೇಮಾವತಿಯೊಲು ಹರಿಯುವ ಕರುಣೆಗೆ
ತಂದೆಯೆ ನಮ್ಮಯ ಸಾವಿರ ವಂದನೆ

ದೊಡ್ಡ ಕಾವ್ಯವೇನಲ್ಲ. ಆದಿಪ್ರಾಸ ಸಿಕ್ಕಿಲ್ಲ, ಸಿಗಲೇಬೇಕೆಂದೂ ಇಲ್ಲ. ಆದರೆ ಗಣಗಳು ಒಡೆಯುವ ಕಡೆಯಲ್ಲೇ ಪದಗಳೂ ಮುಗಿಯುತ್ತವೆ. 'ಹೇಮಾವತಿಯೊಲು' ಮಾತ್ರ ಎರಡು ಗಣಕ್ಕೆ ಚಾಚಿದೆ, ಹೆಸರಾದ್ದರಿಂದ ಬಾಯಿ ತಡವರಿಸದು. ಸಾಲಿನ ಕೊನೆಗಳೆಲ್ಲ 'ಎ'ಕಾರ. ಕೊನೆಯ ಸ್ವರ ಮೇಲಕ್ಕೆ ಹೋದರೂ ಬಾಯಿ ತೆರೆದೇ ಇರುತ್ತದೆ. 'ಉ'ಕಾರವಾಗಿದ್ದರೆ ತುಟಿ ಕಿರಿದಾಗಿ ದನಿ ಸಣ್ಣದಾಗುತ್ತಿತ್ತು.

ಈಗ ಗಾನವೃಂದದವರು ಹಿಡಿದ ರಾಗ ಪ್ರತಿ ಸಾಲಿನ ಮೊದಲ ಸ್ವರವನ್ನು ಎಳೆಯುವಂಥದು ಎನ್ನಿ. ಆಗ ಮೊದಲ ಸಾಲು ಕೆಡುತ್ತದೆ, ಮಳೆ 'ಮಾಳೆ' ಆಗುತ್ತದೆ. ಉಳಿದ ಮೂರೂ ಗುರುವಿನಿಂದಲೇ ಆರಂಭವಾಗುವುದರಿಂದ ಅವಕ್ಕೆ ಬಾಧೆಯಿಲ್ಲ. ಮೊದಲ ಸಾಲಿಗೆ ಬದಲಿ ಹೀಗಿರಬಹುದು: 'ಬಾನಿನ ಬಾಗಿಲ ತೆರೆದೆಯೊ ದೇವರೆ'. ಮಾತ್ರೆ ಹದಿನಾರೇ, ಮೊದಲಕ್ಷರ ದೀರ್ಘ. ಎಷ್ಟು ಎಳೆದರೂ ಬಾನು ಬಾನಾಗಿಯೇ ಉಳಿಯುತ್ತದೆ. ಗೀತೆ ಬರೆಯುವ ಕಸುಬಿನ ಬಹುಪಾಲು ಇಂಥ ಸಣ್ಣ ಅದಲುಬದಲಿನಲ್ಲೇ ಕಳೆಯುತ್ತದೆ. ನನಗೆ ಅತ್ಯಂತ ಮೆಚ್ಚುಗೆಯ ಭಾಗವೂ ಇದೇ.

ಇಲ್ಲಿ ಯಂತ್ರ ನಿಜವಾಗಿ ಉಪಕಾರಿ, ಆದರೆ ಬಳಸು ದಾರಿಯಲ್ಲಿ. ಮಾತ್ರೆ ಎಣಿಸು ಎಂದರೆ ಅಂದಾಜಿನಲ್ಲಿ ಎಣಿಸಿ ತಪ್ಪುವುದುಂಟು. ಮಾತ್ರೆ ಎಣಿಸುವ ಸಣ್ಣ ಪ್ರೋಗ್ರಾಂ ಬರೆದುಕೊಡು ಎಂದರೆ ಚೆನ್ನಾಗಿ ಬರೆಯುತ್ತದೆ. ದೀರ್ಘಾಕ್ಷರ, ಅನುಸ್ವಾರ ವಿಸರ್ಗ ಕೂಡಿದ್ದು, ಒತ್ತಕ್ಷರದ ಹಿಂದಿನದು, ವ್ಯಂಜನದಲ್ಲಿ ಮುಗಿದದ್ದು ಗುರು, ಉಳಿದದ್ದು ಲಘು. ನಿಯಮ ಇಷ್ಟು ಖಚಿತವಾಗಿರುವುದರಿಂದ ಪ್ರೋಗ್ರಾಂ ಆಯಾಸವಿಲ್ಲದೆ ನೂರು ಸಾಲು ಅಳೆಯುತ್ತದೆ. ನಾಗವರ್ಮನ ಶಾಸ್ತ್ರ ಹೀಗೆ ಅರಕಲಗೂಡಿನ ಹುಡುಗನ ಫೋನಿನಲ್ಲಿ ಓಡಬಹುದು. ಕಿಟೆಲ್ ಕಂಡಿದ್ದರೆ ಖುಷಿಪಡುತ್ತಿದ್ದರು.

ಸಂಬೋಧನೆಯ ಹದ ಯಂತ್ರಕ್ಕೆ ಗೊತ್ತಾಗದ ಇನ್ನೊಂದು ಸಂಗತಿ. ಪ್ರಾಟೆಸ್ಟೆಂಟ್ ಸಭೆಯ ಯೆಹೋವ, ಕರ್ತನು, ಕಥೋಲಿಕರ ಸರ್ವೇಶ್ವರ, ಪ್ರಭು ಇವೆಲ್ಲ ಒಂದೇ ಚರಣದಲ್ಲಿ ಬಂದರೆ ಹಿರಿಯರ ಹುಬ್ಬು ಗಂಟಾಗುತ್ತದೆ. ನಿಮ್ಮ ಸಭೆಯಲ್ಲಿ ಬಳಕೆಯಿರುವ ಹೆಸರುಗಳ ಪಟ್ಟಿಯನ್ನು ಮೊದಲೇ ಕೊಟ್ಟುಬಿಡುವುದು ಕ್ಷೇಮ.

ರಾಗ ಕಟ್ಟಿ ಹಾಡಿಯೂ ಕೊಡುವ ಸುನೋ, ಯೂಡಿಯೋಗಳಂಥ ತಂತ್ರಾಂಶಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಕೇಳಲು ಇಂಪು, ನಿಜ. ಅಲ್ಲಿ ಹಾಡುವುದು ಪಳಗಿದ ಒಂಟಿ ಗಾಯಕನ ದನಿ. ಅಷ್ಟು ಎತ್ತರ, ಅಷ್ಟು ಬಾಗುಬಳುಕು ಸಭೆಗೆ ಸಾಧ್ಯವಿಲ್ಲ. ಸಭೆಗೆ ಒಂದು ಸ್ಥಾಯಿಯೊಳಗೆ ಅಡಗುವ ರಾಗ ಬೇಕು. ಉಚ್ಚಾರ ಕಲಿಯಲಂತೂ ಹಾಸನದವರು ಯಂತ್ರದ ಬಳಿ ಹೋಗಬೇಕಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕರ್ನಾಟಕ ಸಂಗೀತಗಾರ ಆರ್.ಕೆ. ಶ್ರೀಕಂಠನ್ (1920-2014) ಅವರ ಧ್ವನಿಮುದ್ರಿಕೆ ಕೇಳಲಿ. ಸ್ವರ ಎಷ್ಟೇ ಸುತ್ತಿದರೂ ಸಾಹಿತ್ಯದ ಅಕ್ಷರ ಮುಕ್ಕಾಗದಂತೆ ಹಾಡುವುದಕ್ಕೆ ಅವರು ಹೆಸರಾದವರು. ದೇವರು ಬೇರೆ ಹೆಸರಿನವನಾದರೂ ಪಾಠ ಅದೇ.

ಜರ್ಮನಿಯ ಫ್ಯೂರ್ತ್ ಪಟ್ಟಣದಲ್ಲಿ 2023ರ ಜೂನಿನಲ್ಲಿ ಒಂದು ಪ್ರಯೋಗ ನಡೆಯಿತು. ಸೇಂಟ್ ಪಾಲ್ ಚರ್ಚಿನಲ್ಲಿ ಸುಮಾರು ನಲವತ್ತು ನಿಮಿಷದ ಆರಾಧನೆಯ ಪ್ರಸಂಗ, ಪ್ರಾರ್ಥನೆ, ಸಂಗೀತವನ್ನೆಲ್ಲ ಬಹುಪಾಲು ಯಂತ್ರವೇ ಸಿದ್ಧಪಡಿಸಿತ್ತು. ಮುನ್ನೂರಕ್ಕೂ ಹೆಚ್ಚು ಜನ ಕುತೂಹಲದಿಂದ ಸೇರಿದರು, ಭಾವವಿಲ್ಲದ ಒಂದೇ ದನಿಯೆಂದು ಕೆಲವರು ಬೇಸರಪಟ್ಟರು. ಅಲ್ಲಿ ಯಂತ್ರ ವೇದಿಕೆಯ ಮೇಲಿತ್ತು. ಮೇಲೆ ಹೇಳಿದ ಕ್ರಮದಲ್ಲಿ ಅದು ಗಾನವೃಂದದ ಹಿಂದೆ, ಪೆನ್ನು ಪುಸ್ತಕಗಳ ಜೊತೆಗಿರುತ್ತದೆ. ಅದಕ್ಕೆ ಅದೇ ತಕ್ಕ ಜಾಗ.

ಬರುವ ಸುಗ್ಗಿ ಹಬ್ಬಕ್ಕೆ ಯಾರಾದರೂ ಪ್ರಯತ್ನಿಸುವುದಾದರೆ ಒಂದು ಕೋರಿಕೆ. ಹಾಡಿನ ಕೆಳಗೆ ರಾಗದ ಹೆಸರು, ಮಾತ್ರೆಯ ಲೆಕ್ಕ, ಬರೆದವರ ಹೆಸರು ಹಾಕಿ, ಯಂತ್ರದ ನೆರವು ಪಡೆದಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಮೊದಲ ಭಾನುವಾರ ಗಾನವೃಂದ ಮಾತ್ರ ಹಾಡಲಿ, ಎರಡನೆಯ ಭಾನುವಾರ ಸಭೆ ಸೇರಿಕೊಳ್ಳಲಿ. ಮೂರನೆಯ ವಾರವೂ ಜನ ತಡವರಿಸುತ್ತಿದ್ದರೆ ಆ ಹಾಡನ್ನು ಕೈಬಿಟ್ಟು ಇನ್ನೊಂದಕ್ಕೆ ಕೂರಿ, ಯಂತ್ರಕ್ಕೇನೂ ಬೇಸರವಾಗುವುದಿಲ್ಲ.