ಹಸಿರಾದ ಮೂತ್ರ

1934ರ ಮಾತು. ನಾರ್ವೆಯಲ್ಲಿ ಒಬ್ಬ ತಾಯಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ವೈದ್ಯರ ಬಾಗಿಲು ಅಲೆದಿದ್ದಳು. ಹುಟ್ಟಿದಾಗ ಚೆನ್ನಾಗಿಯೇ ಇದ್ದ ಮಕ್ಕಳು. ಈಗ ಆರು ವರ್ಷದ ಮಗಳಿಗೆ ಕೆಲವೇ ಮಾತು. ನಾಲ್ಕರ ಮಗನಿಗೆ ಮಾತೂ ಇಲ್ಲ, ನಡಿಗೆಯೂ ಇಲ್ಲ. ಆಕೆ ಹೋದಲ್ಲೆಲ್ಲ ಒಂದು ಮಾತು ಹೇಳುತ್ತಿದ್ದಳು: ಮಕ್ಕಳಿಂದ ಎಂಥದೋ ಮುಗ್ಗಲು ವಾಸನೆ ಬರುತ್ತದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿವಿಗೊಟ್ಟವರು ಆಸ್ಲೊದ ಅಸ್ಬ್ಯೋರ್ನ್ ಫೋಲಿಂಗ್. ವೈದ್ಯರಾದರೂ ರಸಾಯನಶಾಸ್ತ್ರ ಓದಿದವರು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರು. ಕಂದು ಬಣ್ಣ ಉಳಿಯಬೇಕು, ಇಲ್ಲವೇ ಕೀಟೋನ್ ಇದ್ದರೆ ನೇರಳೆಗೆ ತಿರುಗಬೇಕು. ಅದು ಹಸಿರಾಯಿತು! ಲೀಟರುಗಟ್ಟಲೆ ಮೂತ್ರ ತರಿಸಿಕೊಂಡು ಸೋಸಿ ಶುದ್ಧಮಾಡಿದಾಗ ಸಿಕ್ಕಿದ್ದು ಫಿನೈಲ್‌ಪೈರುವಿಕ್ ಆಮ್ಲ. ಬುದ್ಧಿಮಾಂದ್ಯರ ಆಶ್ರಮಗಳಲ್ಲಿದ್ದ 430 ಮಂದಿಯ ಮೂತ್ರ ನೋಡಿದರು. ಇನ್ನೂ ಎಂಟು ಹಸಿರು ಕಂಡವು. ಕಾಯಿಲೆಗೆ ಆಮೇಲೆ ಫಿನೈಲ್‌ಕೀಟೋನೂರಿಯ, ಚಿಕ್ಕದಾಗಿ ಪಿಕೆಯು, ಎಂಬ ಹೆಸರು ಬಂತು.

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಯ ಪ್ರೋಟೀನಿನಲ್ಲಿ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವಿದೆ. ಅದನ್ನು ಬೇರೆ ರೂಪಕ್ಕೆ ತಿರುಗಿಸುವ ಕಿಣ್ವ ಯಕೃತ್ತಿನಲ್ಲಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಅದು ತುಂಬಿಕೊಳ್ಳುತ್ತದೆ; ಒಂದಿಷ್ಟು ಫಿನೈಲ್‌ಪೈರುವಿಕ್ ಆಮ್ಲವಾಗಿ ಮೂತ್ರಕ್ಕೆ ಇಳಿಯುತ್ತದೆ. ಮಿದುಳಿನ ಬಾಗಿಲಲ್ಲಿ ಅದರದೇ ನೂಕುನುಗ್ಗಲು. ಅದೇ ಬಾಗಿಲಿನಿಂದ ಹೋಗಬೇಕಾದ ಉಳಿದ ಅಮೈನೋ ಆಮ್ಲಗಳಿಗೆ ಒಳಗೆ ಹೋಗಲು ದಾರಿ ಸಾಲದು.

ಚಿಕಿತ್ಸೆ ಸಿಗದ ಪಿಕೆಯು ಮಕ್ಕಳಲ್ಲಿ ಕೆಲವರು ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ಕೈ ಅಲ್ಲಾಡಿಸುತ್ತ ಕೂರುತ್ತಾರೆ. ಇಂದು ನೋಡಿದವರು ಆಟಿಸಂ ಎನ್ನುತ್ತಾರೆ. ಅದು ತಪ್ಪಲ್ಲ. ಆಟಿಸಂ ಎನ್ನುವುದು ನಡವಳಿಕೆ ನೋಡಿ ಇಟ್ಟ ಹೆಸರು, ಮೈಯೊಳಗಿನ ಕಾರಣದ ಹೆಸರಲ್ಲ. ಹೆಸರು ಸಿಕ್ಕಿತೆಂದು ಹುಡುಕಾಟ ಬಿಡುವುದು ಮಾತ್ರ ತಪ್ಪು.

1950ರ ದಶಕದ ಆರಂಭದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಜೊತೆಗಾರರು ಎರಡು ವರ್ಷದ ಒಂದು ಹುಡುಗಿಗೆ ಫಿನೈಲ್‌ಅಲನಿನ್ ತೀರಾ ಕಡಿಮೆಯಿರುವ ಆಹಾರ ಕೊಟ್ಟರು. ಸದಾ ಅಳುತ್ತ ತಲೆ ಚಚ್ಚಿಕೊಳ್ಳುತ್ತಿದ್ದ ಮಗು ಅಂಬೆಗಾಲಿಟ್ಟಿತು, ಎದ್ದು ನಿಂತಿತು, ಕುರ್ಚಿ ಹತ್ತಿತು. ನಂತರ ತಾಯಿಗೆ ತಿಳಿಸದೆ ಫಿನೈಲ್‌ಅಲನಿನ್ ಮತ್ತೆ ಬೆರೆಸಿ ನೋಡಿದರು, ಕಲಿತದ್ದೆಲ್ಲ ಇಳಿದುಹೋಯಿತು. (ಇಂದು ಯಾವ ನೈತಿಕ ಸಮಿತಿಯೂ ಇದನ್ನು ಒಪ್ಪದು.) 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗುತ್ರಿ, ಹಸುಗೂಸಿನ ಹಿಮ್ಮಡಿ ಚುಚ್ಚಿ ತೆಗೆದ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಉಪಾಯ ಕೊಟ್ಟರು. ಹುಟ್ಟಿದ ಮೊದಲ ವಾರಗಳಲ್ಲೇ ಪಥ್ಯ ಹಿಡಿದವರಲ್ಲಿ ಆಟಿಸಂ ಲಕ್ಷಣಗಳು ತೀರ ಅಪರೂಪ.

2012ರಲ್ಲಿ ಪಿಕೆಯುಗೆ ತಿರುವುಮುರುವಾದ ಇನ್ನೊಂದು ದೋಷ ಬೆಳಕಿಗೆ ಬಂತು. ಈಜಿಪ್ಟ್, ಲಿಬಿಯ, ತುರ್ಕಿಯ ಕೆಲವು ಕುಟುಂಬಗಳಲ್ಲಿ ಆಟಿಸಂ ಜೊತೆಗೆ ಫಿಟ್ಸ್ ಇದ್ದ ಮಕ್ಕಳು. ಲ್ಯೂಸಿನ್ ಗುಂಪಿನ ಅಮೈನೋ ಆಮ್ಲಗಳು ಉರಿದುಹೋಗದಂತೆ ತಡೆಯುವ ಬ್ರೇಕು ಇವರಲ್ಲಿ ಇಲ್ಲ. ಇಲ್ಲಿ ಕಷ್ಟ ಆಮ್ಲ ಹೆಚ್ಚಾದದ್ದಲ್ಲ, ಸಾಲದಾದದ್ದು. ಇದೇ ದೋಷವಿರುವ ಇಲಿಗಳಿಗೆ ಆ ಆಮ್ಲಗಳನ್ನು ಹೆಚ್ಚಾಗಿ ಉಣಿಸಿದಾಗ ಚೇತರಿಕೆ ಕಂಡಿತು.

ಆ ಕುಟುಂಬಗಳಲ್ಲಿ ತಂದೆತಾಯಿ ರಕ್ತಸಂಬಂಧಿಗಳು. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಕಡೆಗೂ ಇದು ದೂರದ ಮಾತಲ್ಲ. ಇಬ್ಬರಲ್ಲೂ ಒಂದೇ ದೋಷದ ಜೀನ್ ಅಡಗಿದ್ದರೆ ಪ್ರತಿ ಬಸುರಿಗೂ ನಾಲ್ಕರಲ್ಲೊಂದು ಅಪಾಯ. 1980ರ ದಶಕದಲ್ಲೇ ಕರ್ನಾಟಕದಲ್ಲಿ ಅಪ್ಪಾಜಿ ರಾವ್, ರಾಧಾ ರಮಾದೇವಿ ಮುಂತಾದವರು ಒಂದು ಲಕ್ಷಕ್ಕೂ ಹೆಚ್ಚು ಕೂಸುಗಳ ರಕ್ತವನ್ನು ಅಮೈನೋ ಆಮ್ಲದ ದೋಷಗಳಿಗಾಗಿ ಪರೀಕ್ಷಿಸಿದ್ದರು.

ಹಾಗೆಂದು ಆಟಿಸಂ ಇರುವ ಎಲ್ಲ ಮಕ್ಕಳಿಗೂ ಹಾಲು, ಗೋಧಿ ಬಿಡಿಸಿ ಪಥ್ಯ ಮಾಡಿಸುವುದು ಅರ್ಥವಿಲ್ಲದ ಕೆಲಸ. ಇಂಥ ದೋಷ ಇರುವವರು ಕೆಲವರೇ. ಪಥ್ಯವೂ ಒಂದೊಂದು ದೋಷಕ್ಕೆ ಒಂದೊಂದು. ಕಲಿತ ಮಾತು ಮರೆಯುತ್ತಿದ್ದರೆ, ಜ್ವರ ಬಂದು ಊಟ ಬಿಟ್ಟಾಗಲೆಲ್ಲ ಮಗು ಮಂಕಾಗಿ ಮಲಗಿಬಿಟ್ಟರೆ, ಫಿಟ್ಸ್ ಇದ್ದರೆ, ಹಿಂದೆ ಒಂದು ಕೂಸು ಕಾರಣ ತಿಳಿಯದೆ ತೀರಿಕೊಂಡಿದ್ದರೆ ವೈದ್ಯರಿಗೆ ಹೇಳಿ, ರಕ್ತ ಮೂತ್ರ ಪರೀಕ್ಷೆಯ ಮಾತೆತ್ತಬೇಕು. ವಾಸನೆ ಬರುತ್ತಿದ್ದರೆ ಅದನ್ನೂ ಸಂಕೋಚಪಡದೆ ಹೇಳಬೇಕು.